ಚಂದ್ರನ ದಾರಿಯ ಜಗಳವನ್ನು ತಾಳಮದ್ದಳೆಗೆ ತಂದದ್ದು

ವೇಷ, ಕುಣಿತ ಇಲ್ಲದೆ ಕೂತು ಪದ್ಯ ಮತ್ತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಗೆ ಬಾಹ್ಯಾಕಾಶದ ಕಥೆ ಒಗ್ಗುವುದಿಲ್ಲ ಎಂದು ಉಡುಪಿಯಲ್ಲಿ ನನಗೆ ಹೇಳದವರಿಲ್ಲ. ಪದ್ಯ ಹಾಡುವ ನಮ್ಮ ಭಾಗವತರೇ ನಕ್ಕಿದ್ದರು. "ಮಾರಾಯ್ರೆ, ರಾಕೆಟಿಗೆ ಯಾವ ರಾಗ?" ಈ ಮಳೆಗಾಲ ಮಂಗಳೂರಿನ ಒಂದು ಕೂಟದಲ್ಲಿ ಜನ ಮೂರು ಗಂಟೆ ಹತ್ತಿರ ಏಳದೆ ಕೂತರು. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಕೈ ಹಾಕಿದ್ದು ಭಾರತದ ಮೊದಲ ಉಪಗ್ರಹ ಆರ್ಯಭಟಕ್ಕೆ. ಅದನ್ನು ಕಟ್ಟಿಸಿದ ವಿಜ್ಞಾನಿ ಯು.ಆರ್. ರಾವ್ ನಮ್ಮ ಅದಮಾರಿನವರು, ಜನ ಬಂದೇ ಬರುತ್ತಾರೆ ಅನ್ನುವ ಲೆಕ್ಕ. ಬಂದರು ಕೂಡ. ಪೀಣ್ಯದ ಶೆಡ್ಡುಗಳಲ್ಲಿ ಸುಮಾರು 360 ಕಿಲೋದ ಉಪಗ್ರಹ ಕಟ್ಟಿದ್ದು, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟಿನಲ್ಲಿ ಅದು ಹಾರಿದ್ದು, ಎಲ್ಲ ಪದ್ಯದಲ್ಲಿ ಬಂತು. ಆದರೆ ಅರ್ಥ, ಅಂದರೆ ಪದ್ಯದ ಮೇಲೆ ಪಾತ್ರಗಳು ಆಡುವ ಮಾತು, ಏಳಲೇ ಇಲ್ಲ. ರಾವ್ ಪಾತ್ರಕ್ಕೆ ಎದುರು ಮಾತಾಡುವವರು ಯಾರು? ಪಾತ್ರವಾಗಿ ಮಾತಾಡುವ ಇಬ್ಬರು ಅರ್ಥಧಾರಿಗಳು ಒಬ್ಬರನ್ನೊಬ್ಬರು ಹೊಗಳುತ್ತಾ ಕೂತರೆ ಅದು ಸನ್ಮಾನ ಸಭೆ, ಅಲ್ವಾ? ಚಹಾ ಕೊಡುವಾಗ ಅರ್ಧ ಕುರ್ಚಿ ಖಾಲಿ. ಹಿಮ್ಮೇಳ, ಮೈಕ್, ತಿಂಡಿ ಎಲ್ಲ ಸೇರಿ 18 ಸಾವಿರದ ಹತ್ತಿರ ನನ್ನ ಕೈಯಿಂದ ಹೋಯಿತು. ಮನೆಯಲ್ಲಿ ಆದ ಮಾತು ಇಲ್ಲಿ ಬೇಡ.

ಆಮೇಲೆ ಚಂದ್ರನ ದಾರಿಯಲ್ಲಿ ಕೆಟ್ಟು ವಾಪಸಾದ ಅಪೋಲೋ 13. ಆಮ್ಲಜನಕದ ಟ್ಯಾಂಕು ಸಿಡಿದಲ್ಲಿ ಚೆಂಡೆ ಚೆನ್ನಾಗಿಯೇ ಬಿತ್ತು. ಉಸಿರಾಟದ ಗಾಳಿ ಶುದ್ಧ ಮಾಡುವ ಚೌಕದ ಫಿಲ್ಟರನ್ನು ದುಂಡಗಿನ ಫಿಲ್ಟರಿನ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಕೊಳವೆ, ಟೇಪು ಹಾಕಿ ಹೊಂದಿಸುವ ಸಂದರ್ಭವನ್ನು ಶಾಲೆ ಮಕ್ಕಳು ಬಾಯಿ ಬಿಟ್ಟು ಕೇಳಿದರು. ಆದರೆ ಹಿರಿಯರು ಒಪ್ಪಲಿಲ್ಲ. ಸಂಕಟ ಇದೆ, ಸಂವಾದ ಇಲ್ಲ.

ಅಲ್ಲಿಗೆ ನನಗೆ ಹೊಳೆಯಿತು. ಸಾಹಸ ಹುಡುಕಬಾರದು, ವಾದ ಹುಡುಕಬೇಕು. ಇಬ್ಬರ ಮಾತಿಗೂ ತೂಕ ಇರುವ ವಾದ.

ಸಿಕ್ಕಿದ್ದು ನಾಸಾದ ಎಂಜಿನಿಯರ್ ಜಾನ್ ಹೂಬೋಲ್ಟ್ ಮತ್ತು ಅಲ್ಲಿನದೇ ದೊಡ್ಡ ರಾಕೆಟ್ ತಜ್ಞ ವಾನ್ ಬ್ರೌನ್. 1961ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ, ಈ ದಶಕದೊಳಗೆ ಚಂದ್ರನ ಮೇಲೆ ಮನುಷ್ಯ ಅಂದುಬಿಟ್ಟರು. ಹೇಗೆ ಅನ್ನುವುದು ಇನ್ನೂ ತೀರ್ಮಾನ ಆಗಿರಲಿಲ್ಲ. ಒಂದು ಪಕ್ಷ, ನೋವಾ ಎಂಬ ದೈತ್ಯ ರಾಕೆಟ್ ಕಟ್ಟಿ ಇಡೀ ನೌಕೆಯನ್ನೇ ಇಳಿಸುವ ಅನ್ನುತ್ತಿತ್ತು. ವಾನ್ ಬ್ರೌನ್ ಕಡೆಯವರ ಒಲವು, ಭೂಮಿಯ ಸುತ್ತಲೇ ತುಂಡುಗಳನ್ನು ಜೋಡಿಸಿ ಹೊರಡುವುದಕ್ಕೆ. ಹೂಬೋಲ್ಟ್ ಹೇಳಿದ್ದು ಬೇರೆ. ದೊಡ್ಡ ನೌಕೆ ಚಂದ್ರನ ಸುತ್ತ ಸುತ್ತುತ್ತಾ ಇರಲಿ, ಇಬ್ಬರು ಸಣ್ಣದರಲ್ಲಿ ಇಳಿದು ಹತ್ತಿ ಬರಲಿ. ವಾಪಸು ಬರುವ ಇಂಧನವನ್ನೂ ಶಾಖದ ಕವಚವನ್ನೂ ಸುಮ್ನೆ ಚಂದ್ರನಿಗೆ ಇಳಿಸಿ ಮತ್ತೆ ಎತ್ತುವುದು ಯಾಕೆ? ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಬೋಟು ದೂರ ನಿಲ್ಲುತ್ತದೆ, ಸಣ್ಣ ದೋಣಿ ದಡ ಮುಟ್ಟಿಸುತ್ತದೆ. ಈ ಮಾತಿಗೆ ಮಂಗಳೂರಿನಲ್ಲಿ ಚಪ್ಪಾಳೆ ಬಿತ್ತು.

ಎದುರು ವಾದವೂ ಗಟ್ಟಿ. ಆಗ ಯಾರೂ ಬಾಹ್ಯಾಕಾಶದಲ್ಲಿ ಎರಡು ನೌಕೆ ಸೇರಿಸಿಯೇ ಇರಲಿಲ್ಲ. ಅಮೆರಿಕದ ಎರಡು ಜೆಮಿನಿ ನೌಕೆಗಳು ಹತ್ತಿರ ಹತ್ತಿರ ಬಂದದ್ದೇ 1965ರ ಡಿಸೆಂಬರಿನಲ್ಲಿ. ಭೂಮಿಯ ಹತ್ತಿರ ತಪ್ಪಿದರೆ ಇಳಿದು ಬರಬಹುದು, 3.8 ಲಕ್ಷ ಕಿಲೋಮೀಟರ್ ಆಚೆ ತಪ್ಪಿದರೆ ಇಬ್ಬರೂ ಅಲ್ಲೇ.

ರಸ ಹುಟ್ಟಿದ್ದು ಕಾಗದದಿಂದ. 1961ರ ನವೆಂಬರಿನಲ್ಲಿ ಹೂಬೋಲ್ಟ್ ತನ್ನ ಮೇಲಿನವರನ್ನೆಲ್ಲ ದಾಟಿ ನಾಸಾದ ಹಿರಿಯ ಅಧಿಕಾರಿ ರಾಬರ್ಟ್ ಸೀಮನ್ಸ್‌ಗೆ ನೇರ ಬರೆದರು. ಒಂಬತ್ತು ಪುಟ. ಯಜಮಾನನನ್ನು ದಾಟಿ ಸತ್ಯ ಹೇಳುವುದು ಧರ್ಮವೋ ದ್ರೋಹವೋ? ವಿಭೀಷಣನಿಗೆ ಅರ್ಥ ಹೇಳಿದವರಿಗೆ ಇದು ಕೈ ಪಳಗಿದ ಜಾಗ. ಅರ್ಧ ಗಂಟೆಗೂ ಜಾಸ್ತಿ ಇಲ್ಲೇ ನಿಂತೆವು.

ತೊಂದರೆ ಬಂದದ್ದು ಕೊನೆಯಲ್ಲಿ. 1962ರ ಜೂನ್ 7ರಂದು ವಾನ್ ಬ್ರೌನ್ ತನ್ನವರಿಗೇ ಆಶ್ಚರ್ಯ ಆಗುವ ಹಾಗೆ ಹೂಬೋಲ್ಟ್ ದಾರಿಯನ್ನು ಒಪ್ಪಿದರು. ನಮ್ಮ ವಾನ್ ಬ್ರೌನ್ ಒಪ್ಪಬೇಕಲ್ಲ! ಆ ಹಿರಿಯ ಅರ್ಥಧಾರಿ ಕೂಟದಲ್ಲಿ ಸೋತ ದಾಖಲೆಯೇ ಇಲ್ಲ. ಭಾಗವತರು ಪದ್ಯ ಎತ್ತಿದರೂ ಹೊಸ ಹೊಸ ತಕರಾರು ತೆಗೆದರು. ಆಮೇಲೆ, ಇದು ಸೋಲಲ್ಲ, ದಶಕದೊಳಗೆ ಮುಗಿಯುವ ದಾರಿಯನ್ನು ಆರಿಸಿದ ಹಿರಿತನ ಎಂದು ಹೇಳಿದೆ. ಕೂಡಲೇ ಒಪ್ಪಿದರು, ಸೊಗಸಾಗಿ. ಅವರನ್ನು ಒಪ್ಪಿಸಲು ಯಾವ ಪದ್ಯವನ್ನು ಎಲ್ಲಿಗೆ ಸರಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಪದ್ಯಗಳ ಪ್ರತಿಯನ್ನೂ ಸದ್ಯಕ್ಕೆ ಯಾರಿಗೂ ಕೊಡುತ್ತಿಲ್ಲ.

ನಡುವೆ, ಅಪೋಲೋ 11 ಚಂದ್ರನ ಮೇಲೆ ಇಳಿಯುವಾಗ ಅದರ ಕಂಪ್ಯೂಟರ್ ಕೊಟ್ಟ 1202 ಎಚ್ಚರಿಕೆಗೆ ಚಕ್ರತಾಳ ಹಾಕಿ ನೋಡಿದೆ. ಬರೀ ಗದ್ದಲ ಆಯಿತು, ಬಿಟ್ಟೆ.

ಮಂಗಳೂರಿನ ಕೂಟಕ್ಕೆ 22 ಸಾವಿರದಷ್ಟು ಖರ್ಚು. ಸಂಘಟಕರು ಹೆಚ್ಚುಕಡಿಮೆ ಎಲ್ಲ ಕೊಟ್ಟರು, ಒಂದೆರಡು ಸಾವಿರ ಮಾತ್ರ ನನ್ನ ಮೇಲೆ ಉಳಿಯಿತು. ಮುಂದಿನದು ಸೋವಿಯತ್ ರಾಕೆಟ್ ಕಟ್ಟಿದ ಕೊರೊಲ್ಯೋವ್ ಮತ್ತು ಎಂಜಿನ್ ಕಟ್ಟಿದ ಗ್ಲುಷ್ಕೊ. ಯಾವ ಇಂಧನ ಎಂಬ ಜಗಳದಲ್ಲಿ ಇಬ್ಬರೂ ಬೇರೆಯಾದರು. ಚಂದ್ರನಿಗೆಂದು ಗ್ಲುಷ್ಕೊ ಇಲ್ಲದೆ ಕಟ್ಟಿದ ಎನ್-1 ರಾಕೆಟ್, ಕೆಳಹಂತದಲ್ಲೇ 30 ಎಂಜಿನ್ ಇಟ್ಟುಕೊಂಡು, ಹಾರಿದ ನಾಲ್ಕೂ ಸಲ ಬಿತ್ತು. ಪದ್ಯ ಅರ್ಧ ಆಗಿದೆ. ಗ್ಲುಷ್ಕೊ ಪಾತ್ರಕ್ಕೆ ಹಟ ಹಿಡಿದು ಮಾತಾಡುವವರು ಬೇಕು, ಭಾಗವತರಂತೂ ಈಗಲೇ ತಾರೀಖು ಕೇಳುತ್ತಿದ್ದಾರೆ.