ಎರಡು ಸಾವಿರದೊಳಗೆ ತಂಬೂರಿ ಕೇಳಿಸಬೇಕು

ಬಳ್ಳಾರಿಯಲ್ಲಿ ಏಪ್ರಿಲ್, ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ರಾತ್ರಿಯೂ ಕೂಲರ್ ನಿಲ್ಲಿಸುವ ಹಾಗಿಲ್ಲ. ನನಗೆ ಸಂಗೀತ ಕೇಳಲು ಬಿಡುವು ಸಿಗುವುದು ಊಟ ಆದ ಮೇಲೆ, ಆ ಕೂಲರ್ ಮುಂದೆಯೇ. ಹಾಗಾಗಿ ಎರಡು ಸಾವಿರ ರೂಪಾಯಿಯೊಳಗೆ ಇಯರ್‌ಫೋನ್ ಆರಿಸುವಾಗ ನಾನು ನೋಡಿದ್ದು ಒಂದೇ ವಿಷಯ. ಈ ಗದ್ದಲದ ನಡುವೆ ತೀರಾ ಮೆಲ್ಲಗಿನ ಸದ್ದು ಕಿವಿಗೆ ಬೀಳುತ್ತದಾ?

ನಾನು ಕೇಳುವುದು ಹಿಂದೂಸ್ತಾನಿ, ಜಾಝ್, ಸ್ವಲ್ಪ ಪಾಶ್ಚಾತ್ಯ ಶಾಸ್ತ್ರೀಯ. ಸಿನಿಮಾ ಹಾಡಿನ ಸದ್ದು ಮೊದಲಿಂದ ಕೊನೆವರೆಗೆ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಇರುತ್ತದೆ. ಇವು ಹಾಗಲ್ಲ. ರಾಗವನ್ನು ನಿಧಾನಕ್ಕೆ ಬಿಡಿಸುವ ಆಲಾಪದ ಶುರುವಿನಲ್ಲಿ ಉಸಿರಿನಷ್ಟೇ ಸದ್ದು, ಸ್ವರಗಳು ವೇಗವಾಗಿ ಓಡುವ ತಾನ್ ಹೊತ್ತಿಗೆ ಪೂರ್ತಿ ಗಂಟಲು. ಇದನ್ನು ತಿಳಿಯಲು ನಾನು ಬಳಸಿದ್ದು ಫ್ರಾನ್ಸಿನ ಸಂಗೀತಗಾರ ರಾವೆಲ್ 1928ರಲ್ಲಿ ಬರೆದ ಬೊಲೆರೋ. ಸುಮಾರು 15 ನಿಮಿಷದ ಕೃತಿ. ಒಂದು ಸಣ್ಣ ಡ್ರಮ್ ಕೇಳಿಯೂ ಕೇಳದ ಹಾಗೆ ಶುರುವಾಗುತ್ತದೆ. ಕೊನೆಗೆ ಇಡೀ ಆರ್ಕೆಸ್ಟ್ರಾ ಅಬ್ಬರಿಸುತ್ತದೆ. ಮೊದಲು ಕೊನೆಯ ಎರಡು ನಿಮಿಷ ಹಾಕಿ, ಕಿವಿಗೆ ಹಿತವಾಗುವಷ್ಟು ವಾಲ್ಯೂಮ್ ಇಡುತ್ತೇನೆ. ಆಮೇಲೆ ವಾಲ್ಯೂಮ್ ಮುಟ್ಟದೆ ಶುರುವಿಗೆ ಹೋಗುತ್ತೇನೆ. ಕೂಲರ್ ಓಡುತ್ತಿರುವಾಗಲೂ ಆ ಡ್ರಮ್ ಕೇಳಿಸಿದರೆ ಆ ಇಯರ್‌ಫೋನ್ ಮುಂದಿನ ಸುತ್ತಿಗೆ ಬಂದ ಹಾಗೆ.

ಇಲ್ಲಿ ಬೆಲೆಗಿಂತ ದೊಡ್ಡ ಮಾತು ರಬ್ಬರ್ ಟಿಪ್‌ನದ್ದು. ಕಿವಿಯೊಳಗೆ ಅದು ಸರಿಯಾಗಿ ಮುಚ್ಚಿಕೊಂಡರೆ ಹೊರಗಿನ ಸದ್ದು ಕಡಿಮೆಯಾಗುತ್ತದೆ, ಒಳಗಿನ ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಉಳಿಯುತ್ತದೆ. ಸಣ್ಣ ಸಂದು ಇದ್ದರೂ ಬೇಸ್ ಸೋರಿ ಹೋಗುತ್ತದೆ. ಆಳೆತ್ತರದ ಪಿಟೀಲಿನಂಥ ವಾದ್ಯ ಡಬಲ್ ಬೇಸ್‌ನ ದಪ್ಪ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 41 ಸಲ ಕಂಪಿಸಿ ನುಡಿಯುತ್ತದೆ. ಸೋರುವ ಟಿಪ್‌ನಲ್ಲಿ ಅದರ ತಳವೇ ಮಾಯ, ಬೆರಳು ತಂತಿ ಎಳೆದ ಟಕ್ ಸದ್ದು ಮಾತ್ರ ಉಳಿಯುತ್ತದೆ. ಬಹಳ ಜನ ಡಬ್ಬಿಯಲ್ಲಿ ಹಾಕಿಕೊಂಡೇ ಬಂದ ಟಿಪ್ಪನ್ನು ಬದಲಿಸುವುದೇ ಇಲ್ಲ. ಜೊತೆಗೆ ಬರುವ ಸಣ್ಣದು, ದೊಡ್ಡದು ಎರಡನ್ನೂ ಹಾಕಿ ನೋಡಲೇಬೇಕು. ನನ್ನ ಎಡಗಿವಿಗೆ ದೊಡ್ಡದು, ಬಲಗಿವಿಗೆ ಮಧ್ಯದ್ದು. ಎರಡೂ ಕಿವಿ ಒಂದೇ ಅಳತೆ ಇರಬೇಕೆಂದೇನಿಲ್ಲ, ಅಲ್ವಾ?

ನಮ್ಮೂರಿನ ಬೆಂಗಳೂರು ರಸ್ತೆಯ ಅಂಗಡಿಗಳಲ್ಲಿ ಎರಡು ಸಾವಿರದೊಳಗೆ ಕೇಳಿದರೆ ಮೊದಲು ಮುಂದೆ ಬರುವುದು ‘ಎಕ್ಸ್‌ಟ್ರಾ ಬೇಸ್’ ಎಂದು ಬರೆದ ಡಬ್ಬಿ. ಕುಣಿತದ ಹಾಡಿಗೆ ಅದು ಚೆನ್ನ. ನಮ್ಮ ಸಂಗೀತಕ್ಕೆ ಯಾಕೆ ಬೇಡ ಅನ್ನುವುದನ್ನು ತಂಬೂರಿಯಿಂದಲೇ ಹೇಳುತ್ತೇನೆ. ಗಂಡಸರು ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡಿದರೆ ನಡು ಷಡ್ಜ ಸುಮಾರು 139 ಹರ್ಟ್ಸ್, ತಂಬೂರಿಯ ಖರ್ಜದ (ಕೆಳಗಿನ ಷಡ್ಜದ) ತಂತಿ ಅದರ ಅರ್ಧ, 69ರ ಆಸುಪಾಸು. ಆದರೆ ತಂಬೂರಿಯ ಜೀವ ಇರುವುದು ಆ ತಂತಿಗಳಿಂದ ಮೇಲೇಳುವ ಝೇಂಕಾರದಲ್ಲಿ. ಅದು ಇದಕ್ಕಿಂತ ಎಷ್ಟೋ ಮೇಲಿನ ಸ್ವರಗಳ ಗುಂಪು. ಇಯರ್‌ಫೋನ್ 70ರಿಂದ 250 ಹರ್ಟ್ಸ್‌ವರೆಗೆ ಉಬ್ಬಿಸಿದರೆ ಖರ್ಜ ದಪ್ಪಗಾಗಿ ಆ ಝೇಂಕಾರವನ್ನು ಮುಚ್ಚಿಬಿಡುತ್ತದೆ. ಗಾಯಕನ ದನಿಯೂ ಹೊದಿಕೆಯೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ತಬಲಾದಲ್ಲಿ ಇನ್ನೂ ಸ್ಪಷ್ಟ. ಡಗ್ಗಾದ (ಜೋಡಿಯ ದೊಡ್ಡ, ದಪ್ಪ ದನಿಯ ವಾದ್ಯದ) ಮೇಲೆ ಅಂಗೈ ಒತ್ತಿ ಎಳೆಯುವ ಮೀಂಡ್, ಅಂದರೆ ಜಾರುವ ಸ್ವರ, ಒಂದು ಮಾತಿನ ಹಾಗೆ ಬಾಗಬೇಕು. ಬೇಸ್ ಜಾಸ್ತಿಯಾದರೆ ಬರೀ ‘ಗುಂ’ ಅನ್ನುತ್ತದೆ, ಬಾಗಿದ್ದೇ ಗೊತ್ತಾಗುವುದಿಲ್ಲ.

ಜಾಝ್‌ಗೆ ನನ್ನ ಅಳತೆಗೋಲು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಮಾಡಿದ ಆಲ್ಬಮ್ ಕೈಂಡ್ ಆಫ್ ಬ್ಲೂ. ಅದರ ಮೊದಲ ಹಾಡು ಬಿಲ್ ಇವಾನ್ಸ್‌ರ ಪಿಯಾನೊ, ಪಾಲ್ ಚೇಂಬರ್ಸ್‌ರ ಡಬಲ್ ಬೇಸ್ ಎರಡರಿಂದಲೇ ಮೆಲ್ಲಗೆ ತೆರೆದುಕೊಳ್ಳುತ್ತದೆ. ಡಬಲ್ ಬೇಸ್‌ನ ಪ್ರತಿ ಸ್ವರ ಬೇರೆ ಬೇರೆಯಾಗಿ ಕೇಳಬೇಕು. ಮುಂದೆ ಮೈಲ್ಸ್‌ರ ಸೋಲೊ ಶುರುವಾಗುವ ಹೊತ್ತಿಗೆ ಡ್ರಮ್ ವಾದಕ ಜಿಮ್ಮಿ ಕಾಬ್ ಒಂದು ಸಿಂಬಲ್ (ಕಂಚಿನ ತಟ್ಟೆ) ಬಾರಿಸುತ್ತಾರೆ. ಆ ಸದ್ದು ನಿಧಾನಕ್ಕೆ ಕರಗಬೇಕು. ಒಳ್ಳೆಯ ಇಯರ್‌ಫೋನ್‌ನಲ್ಲಿ ಕರಗುವುದನ್ನು ಹಿಂಬಾಲಿಸಬಹುದು. ಟ್ರೆಬಲ್ (ಮೇಲಿನ ಸಣ್ಣ ಸದ್ದು) ಮೊನಚಾಗಿದ್ದರೆ ‘ಚುಸ್’ ಎಂದು ಕಿವಿಗೆ ಚುಚ್ಚಿ ನಿಂತುಬಿಡುತ್ತದೆ. ಆ ಒಂದು ಕ್ಷಣ ಸರಿಯಾಗಿ ಕೇಳಿದಾಗ ಆಗುವ ಸಂತೋಷ ನನಗಂತೂ ಹೇಳಿ ತೀರದು.

ಪಿಯಾನೊಗೆ ಗ್ಲೆನ್ ಗೂಲ್ಡ್ ನುಡಿಸಿದ ಬಾಖ್ ಕೃತಿಗಳು. ಗೂಲ್ಡ್ ನುಡಿಸುತ್ತಾ ತಾವೇ ಗುನುಗುತ್ತಿದ್ದರು, ಅದೂ ರೆಕಾರ್ಡ್ ಆಗಿದೆ. ಆ ಗುನುಗು ಪಿಯಾನೊದಿಂದ ಬೇರೆಯಾಗಿ, ಹಿಂದಿನಿಂದ ಕೇಳಿಸಿದರೆ ನಡು ಸ್ವರಗಳು ಚೆನ್ನಾಗಿವೆ ಅಂತ ಅರ್ಥ.

ಈ ಎಲ್ಲ ಸುತ್ತು ದಾಟಿ ಬಂದದ್ದು ಎರಡು ವೈರ್ ಇಯರ್‌ಫೋನ್. ಮೂನ್‌ಡ್ರಾಪ್ ಚು 2, ಟ್ಯಾಂಗ್‌ಜು ವಾನರ್. ಒಂದು ಗೆಳೆಯನದು, ಇನ್ನೊಂದು ವಾಪಸ್ ಕೊಡುವ ಸೌಲಭ್ಯ ನೋಡಿ ಆನ್‌ಲೈನ್‌ನಲ್ಲಿ ತರಿಸಿದ್ದು. ಎರಡರಲ್ಲೂ ಪ್ರತಿ ಕಿವಿಗೆ 10 ಮಿಲಿಮೀಟರ್‌ನ ಒಂದೊಂದು ಡ್ರೈವರ್ (ಸದ್ದು ಹೊರಡಿಸುವ ಭಾಗ) ಇದೆ. ಎರಡಕ್ಕೂ ಕೇಬಲ್ ಬಿಚ್ಚಿ ಬದಲಿಸಬಹುದು. ಇದು ದೊಡ್ಡ ಅನುಕೂಲ, ಯಾಕೆಂದರೆ ಇಯರ್‌ಫೋನ್‌ನಲ್ಲಿ ಮೊದಲು ಸಾಯುವುದೇ ವೈರು. ಚು 2 ಸ್ವಲ್ಪ ಹೊಳಪು, ಅಂದರೆ ಟ್ರೆಬಲ್ ಮುಂದೆ. ಪಿಟೀಲು, ಪಿಯಾನೊ, ಆರ್ಕೆಸ್ಟ್ರಾಕ್ಕೆ ಅದೇ ಮೇಲು ಎಂದು ಈಗಲೂ ಹೇಳುತ್ತೇನೆ. ವಾನರ್ ಸ್ವಲ್ಪ ಬೆಚ್ಚಗೆ, ದನಿಗೆ ಮೈ ಕೊಡುತ್ತದೆ. ನಾನು ಇಟ್ಟುಕೊಂಡದ್ದು ವಾನರ್. ಕಾರಣ ಮಲ್ಲಿಕಾರ್ಜುನ ಮನ್ಸೂರ್. ಅವರ ಹಳೆಯ ರೆಕಾರ್ಡಿಂಗ್‌ಗಳಲ್ಲಿ ‘ಸ್ಸ್’ ಅನ್ನುವ ಟೇಪಿನ ಸದ್ದು ಇದ್ದೇ ಇರುತ್ತದೆ. ಹೊಳಪಿನ ಇಯರ್‌ಫೋನ್ ಆ ಸದ್ದನ್ನೇ ಮುಂದೆ ತಂದು ನಿಲ್ಲಿಸುತ್ತದೆ. ವಾನರ್ ಅದನ್ನು ಹಿಂದೆ ಇಟ್ಟು ದನಿಯನ್ನು ಮುಂದೆ ಬಿಡುತ್ತದೆ. ಹೊಸ ರೆಕಾರ್ಡಿಂಗ್ ಮಾತ್ರ ಕೇಳುವವರು ಚು 2 ತಗೊಳ್ಳಲಿ.

ಕಾಸ್ ಕೆಎಸ್‌ಸಿ75 ಕೂಡ ಕೇಳಿದೆ. ಕಿವಿಗೆ ಸಿಕ್ಕಿಸುವ, ತೆರೆದ ಮಾದರಿಯದು. ಜಾಝ್ ಅದರಲ್ಲಿ ಕೋಣೆ ತುಂಬಿದ ಹಾಗೆ ಕೇಳುತ್ತದೆ, ನಿಜಕ್ಕೂ ಸೊಗಸು. ಆದರೆ ಹೊರಗಿನ ಸದ್ದನ್ನು ತಡೆಯುವುದೇ ಇಲ್ಲ. ಡಿಸೆಂಬರ್ ರಾತ್ರಿಗೆ ಸರಿ, ಬಳ್ಳಾರಿಯ ಮೇ ತಿಂಗಳಿಗೆ ಅಲ್ಲ.

ಬ್ಲೂಟೂತ್ ಯಾಕೆ ಬೇಡ ಅಂತ ಕೇಳುತ್ತಾರೆ. ಈ ಬೆಲೆಯಲ್ಲಿ ದುಡ್ಡು ಬ್ಯಾಟರಿ, ಚಿಪ್, ಮೈಕ್‌ಗೆ ಹಂಚಿಹೋಗುತ್ತದೆ. ಬ್ಯಾಟರಿ ಕೆಲವು ವರ್ಷಕ್ಕೆ ಸೋಲುತ್ತದೆ, ಅದರ ಜೊತೆ ಇಯರ್‌ಫೋನೂ ಹೋಯಿತು. ಫೋನಿನಲ್ಲಿ ಜ್ಯಾಕ್ ಇಲ್ಲದಿದ್ದರೆ ಚಾರ್ಜರ್ ತೂತಿಗೆ ಸಿಕ್ಕಿಸಿ ಜ್ಯಾಕ್ ಕೊಡುವ ಟೈಪ್-ಸಿ ಡಾಂಗಲ್ ಸಾಕು. ಚು 2, ವಾನರ್ ಎರಡರ ವಿದ್ಯುತ್ ತಡೆ 20 ಓಮ್ ಆಸುಪಾಸು, ಫೋನಿನಿಂದಲೇ ಸುಲಭವಾಗಿ ಓಡುತ್ತವೆ. ದುಬಾರಿ ಆಂಪ್ಲಿಫಯರ್‌ಗೆ ಸುಮ್ನೆ ದುಡ್ಡು ಹಾಕಬೇಡಿ.

1950, 60ರ ದಶಕದ ಸ್ಟೀರಿಯೊ ಜಾಝ್‌ನಲ್ಲಿ ಒಂದು ತೊಡಕು ಇದೆ. ಸ್ಯಾಕ್ಸೊಫೋನ್ ಪೂರ್ತಿ ಒಂದು ಕಿವಿಗೆ, ಡ್ರಮ್ ಪೂರ್ತಿ ಇನ್ನೊಂದಕ್ಕೆ ಹಾಕಿರುತ್ತಾರೆ. ಸ್ಪೀಕರ್‌ನಲ್ಲಿ ಅದು ಗಾಳಿಯಲ್ಲಿ ಬೆರೆಯುತ್ತದೆ, ಇಯರ್‌ಫೋನ್‌ನಲ್ಲಿ ಬೆರೆಯುವುದಿಲ್ಲ, ತಲೆ ನೋಯುತ್ತದೆ. ಅಂಥ ರೆಕಾರ್ಡ್‌ಗೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೊ (ಎರಡೂ ಕಿವಿಗೆ ಒಂದೇ ಸದ್ದು) ಆನ್ ಮಾಡಿ ಕೇಳುತ್ತೇನೆ.

ವಾಲ್ಯೂಮ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ನಲ್ಲಿ. ಟಿಪ್ ಚೆನ್ನಾಗಿ ಮುಚ್ಚಿಕೊಂಡರೆ ಕೂಲರ್ ಜೊತೆ ಜಗಳಕ್ಕೆ ವಾಲ್ಯೂಮ್ ಏರಿಸುವುದು ತಪ್ಪುತ್ತದೆ.

ನಮ್ಮ ಬೆವರಿಗೆ ಟಿಪ್ ಜಾರುತ್ತದೆ, ಆಗಾಗ ತೊಳೆದು ಒಣಗಿಸಿ ಹಾಕಬೇಕು. ಫೋಮ್ ಟಿಪ್ ಸದ್ದನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಬೇಸಿಗೆಯಲ್ಲಿ ಬೇಗ ಹಾಳಾಗುತ್ತದೆ. ಒಂದು ಕಡೆ ಸದ್ದು ಕಡಿಮೆಯಾದರೆ ಇಯರ್‌ಫೋನ್ ಕೆಟ್ಟಿತು ಎಂದು ಎಸೆಯಬೇಡಿ. ಬಹಳ ಸಲ ತುದಿಯ ಸಣ್ಣ ಜಾಲರಿಯಲ್ಲಿ ಗುಗ್ಗೆ ಕಟ್ಟಿರುತ್ತದೆ. ಜಾಲರಿ ಕೆಳಮುಖವಾಗಿ ಹಿಡಿದು, ಮೆದು ಒಣ ಬ್ರಷ್‌ನಿಂದ ಉಜ್ಜಿದರೆ ಸದ್ದು ವಾಪಸ್ ಬರುತ್ತದೆ.