ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ವಿಂಡೋ ಫೋಕಸ್ ತಪ್ಪುತ್ತಿದ್ದರೆ ಕಾರಣ ಹುಡುಕುವ ಬಗೆ

ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಟೈಪ್ ಮಾಡುತ್ತಿದ್ದಾಗ ಚಾಟ್ ವಿಂಡೋ ತಾನಾಗಿ ಮುಂದೆ ಬಂದು, ಪಾಸ್‌ವರ್ಡಿನ ಉಳಿದರ್ಧ ಅದರೊಳಗೆ ಬಿದ್ದು, ಕೊನೆಯಲ್ಲಿ ಒತ್ತಿದ ಎಂಟರ್ ಕೀಲಿಯಿಂದ ಅದು ಎದುರಿನವರಿಗೆ ತಲುಪಿಯೂ ಬಿಟ್ಟ ಅನುಭವ ನನಗೊಮ್ಮೆ ಆಗಿದೆ. ಅಂದೇ ಪಾಸ್‌ವರ್ಡ್ ಬದಲಿಸಿದೆ. ಫೋಕಸ್ ತಪ್ಪುವುದನ್ನು ಸಣ್ಣ ಕಿರಿಕಿರಿಯೆಂದು ಸಹಿಸಿಕೊಂಡು ಕೂರಬಾರದೆಂದು ನಾನು ಒತ್ತಿ ಹೇಳುವುದು ಅದಕ್ಕಾಗಿಯೇ. ಹಾಗೆಂದು ಕಂಡ ಕಂಡ ಸೆಟ್ಟಿಂಗ್‌ಗಳನ್ನೆಲ್ಲ ತಿರುಗಿಸಲು ಹೊರಟರೆ ದೋಷ ಇನ್ನಷ್ಟು ಗೋಜಲಾಗುತ್ತದೆ. ಫೋಕಸ್ ಯಾರ ಕೈಗೆ ಹೋಯಿತೆಂಬುದನ್ನು ಮೊದಲು ಕಣ್ಣಾರೆ ಕಂಡುಕೊಂಡು, ಆ ಬಳಿಕವೇ ಸೆಟ್ಟಿಂಗ್ ಮುಟ್ಟಬೇಕು.

ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಯಾವ ವಿಂಡೋಗೆ ಸೇರಬೇಕೆಂಬ ತೀರ್ಮಾನಕ್ಕೆ ಫೋಕಸ್ ಎಂದು ಹೆಸರು. ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ನಲ್ಲಿ ಈ ತೀರ್ಮಾನ, ವಿಂಡೋಗಳನ್ನು ನಿರ್ವಹಿಸುವ ತಂತ್ರಾಂಶವಾದ ವಿಂಡೋ ಮ್ಯಾನೇಜರಿನದು. ಆದರೂ ಯಾವುದೇ ತಂತ್ರಾಂಶ ನೇರವಾಗಿ ಎಕ್ಸ್ ಸರ್ವರ್ ಬಳಿ ಫೋಕಸ್ ಕೇಳಿ ಪಡೆಯಲು ಅಲ್ಲಿ ಅವಕಾಶವಿದೆ. ಅದರ ಬದಲಿಗೆಂದು 2008ರಲ್ಲಿ ಆರಂಭವಾದ ವೇಲ್ಯಾಂಡ್‌ನಲ್ಲಿ ಆ ಅಧಿಕಾರವೆಲ್ಲ ವಿಂಡೋಗಳನ್ನು ಪರದೆಯ ಮೇಲೆ ಜೋಡಿಸುವ ಕಾಂಪೋಸಿಟರ್ ಬಳಿಯೇ ಇದ್ದು, ಇನ್ನೊಂದು ತಂತ್ರಾಂಶವನ್ನು ಮುಂದೆ ತರಬೇಕಾದರೆ ಅನುಮತಿ ಚೀಟಿಯಂತಹ ಸಕ್ರಿಯಗೊಳಿಸುವ ಟೋಕನ್ ಒಂದನ್ನು ದಾಟಿಸಬೇಕಾಗುತ್ತದೆ. ಹಾಗಾಗಿ ನೀವು ಯಾವುದರಲ್ಲಿ ಕೆಲಸ ಮಾಡುತ್ತಿದ್ದೀರೆಂದು ತಿಳಿಯುವುದು ಮೊದಲ ಹೆಜ್ಜೆ. ಎಕ್ಸ್‌ಡಿಜಿ ಸೆಷನ್ ಟೈಪ್ ಎಂಬ ಪರಿಸರ ಚರಾಂಶದ ಮೌಲ್ಯವನ್ನು ಟರ್ಮಿನಲ್‌ನಲ್ಲಿ ಎಕೋ ಮಾಡಿಸಿದರೆ ಉತ್ತರ ಸಿಗುತ್ತದೆ. ಆ ಹೆಸರಿನ ಅಕ್ಷರಗಳೆಲ್ಲ ದೊಡ್ಡಕ್ಷರಗಳು, ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ.

ಫೋಕಸ್ ತಾನಾಗಿ ಬೇರೆಡೆ ಹೋಗುವುದು, ಹೊಸದಾಗಿ ತೆರೆದ ವಿಂಡೋ ಹಿಂದೆಯೇ ಉಳಿಯುವುದು, ವಿಂಡೋ ಮುಂದಿದ್ದರೂ ಅಕ್ಷರ ಮೂಡದಿರುವುದು ಬೇರೆ ಬೇರೆ ದೋಷಗಳು. ಇವುಗಳಲ್ಲಿ ಹೆಚ್ಚು ಕಾಡುವುದು ಮೊದಲನೆಯದು.

ಎಕ್ಸ್11ನಲ್ಲಿ ಅದನ್ನು ಹಿಡಿಯಲು ಎಕ್ಸ್‌ಪ್ರಾಪ್ ಎಂಬ ಪುಟ್ಟ ಸಾಧನ ಸಾಕು. ಅದಕ್ಕೆ ರೂಟ್ ಮತ್ತು ಸ್ಪೈ ಎಂಬ ಎರಡು ಆಯ್ಕೆಗಳನ್ನು ಕೊಟ್ಟು, ನೆಟ್ ಆ್ಯಕ್ಟಿವ್ ವಿಂಡೋ ಎಂಬ ಗುಣಲಕ್ಷಣದ ಮೇಲೆ ಕಣ್ಣಿಡಲು ಹೇಳಿ. ಇದರ ಹೆಸರೂ ದೊಡ್ಡಕ್ಷರಗಳಲ್ಲಿದ್ದು, ಮೊದಲಲ್ಲೇ ಒಂದು ಅಂಡರ್‌ಸ್ಕೋರ್ ಇದೆ. ಫೋಕಸ್ ಬದಲಾದಾಗಲೆಲ್ಲ ಟರ್ಮಿನಲ್‌ನಲ್ಲಿ ಹೊಸ ವಿಂಡೋದ ಹೆಕ್ಸಾಡೆಸಿಮಲ್ (ಹದಿನಾರರ ಆಧಾರದ) ಪದ್ಧತಿಯ ಗುರುತು ಸಂಖ್ಯೆ ಹೊಸ ಸಾಲಾಗಿ ಬೀಳುತ್ತದೆ. ಅದನ್ನು ಒಂದು ಕಡತಕ್ಕೆ ಹರಿಯಬಿಟ್ಟು ಎಂದಿನ ಕೆಲಸ ಮುಂದುವರಿಸಿ, ಫೋಕಸ್ ತಪ್ಪಿದ ತಕ್ಷಣ ಕಡತದ ಕೊನೆಯ ಸಾಲು ನೋಡಿ. ಆ ಸಂಖ್ಯೆಯನ್ನು ಎಕ್ಸ್‌ಪ್ರಾಪ್‌ಗೆ ಕೊಟ್ಟರೆ ವಿಂಡೋ ಯಾವ ತಂತ್ರಾಂಶದ್ದೆಂದು ಗೊತ್ತಾಗುತ್ತದೆ. ಕಳ್ಳ ವಿಂಡೋ ಅರೆಕ್ಷಣ ಬದುಕಿ ಮುಚ್ಚಿಹೋಗಿದ್ದರೆ ಬ್ಯಾಡ್ ವಿಂಡೋ ಎಂಬ ದೋಷ ಸಂದೇಶ ಬಂದೀತು. ಆಗಲೂ ಕೈಚೆಲ್ಲಬೇಕಾಗಿಲ್ಲ: ಒಂದು ತಂತ್ರಾಂಶ ಸರ್ವರ್ ಜೊತೆಗಿನ ಒಂದೇ ಸಂಪರ್ಕದಲ್ಲಿ ತೆರೆಯುವ ವಿಂಡೋಗಳ ಸಂಖ್ಯೆಗಳಲ್ಲಿ ಮೊದಲ ಅಂಕಿಗಳು ಸಾಮಾನ್ಯವಾಗಿ ಒಂದೇ ಆಗಿದ್ದು, ಕೊನೆಯ ಐದು ಅಂಕಿಗಳಷ್ಟೇ ಬದಲಾಗುತ್ತವೆ. ಡಬ್ಲ್ಯೂಎಂಕಂಟ್ರೋಲ್ (wmctrl) ಎಂಬ ಸಾಧನ ಕೊಡುವ ವಿಂಡೋಗಳ ಪಟ್ಟಿಯಲ್ಲಿ ಅದೇ ಮೊದಲ ಅಂಕಿಗಳಿರುವ ಇನ್ನೊಂದು ವಿಂಡೋ ಕಂಡರೆ, ಒಡೆಯ ಸಿಕ್ಕಂತೆಯೇ. ನನ್ನ ಗಣಕದಲ್ಲಿ ಕಡತಗಳನ್ನು ಹೊಂದಿಸುವ ಹಿನ್ನೆಲೆ ತಂತ್ರಾಂಶವೊಂದು ಆಗಾಗ ಕಾಣದ ವಿಂಡೋ ತೆರೆದು ಮುಚ್ಚುತ್ತಿದ್ದುದು ಸಿಕ್ಕಿಬಿದ್ದದ್ದು ಈ ದಾರಿಯಿಂದಲೇ.

ಎಕ್ಸ್‌ಪ್ರಾಪ್ ಬರೆಯುವ ಕಡತದಲ್ಲಿ ಯಾವ ಬದಲಾವಣೆಯೂ ಕಾಣದೆ ಅಕ್ಷರಗಳು ಮಾತ್ರ ನಡುನಡುವೆ ಕಳೆದುಹೋಗುತ್ತಿದ್ದರೆ, ತನ್ನ ವಿಂಡೋಗೆ ಬರುವ ಘಟನೆಗಳನ್ನೆಲ್ಲ ಸಾಲಾಗಿ ತೋರಿಸುವ ಎಕ್ಸ್‌ಇವಿ ಸಾಧನ ಚಲಾಯಿಸಿ, ಅದರ ವಿಂಡೋದಲ್ಲೇ ಟೈಪ್ ಮಾಡುತ್ತಾ ಹೋಗಿ. ಫೋಕಸ್ ಔಟ್ ಎಂಬ ಸಾಲಿನ ಪಕ್ಕದಲ್ಲಿ ನೋಟಿಫೈ ನಾರ್ಮಲ್ ಎಂದಿದ್ದರೆ ಫೋಕಸ್ ನಿಜವಾಗಿಯೂ ಸರಿದಿದೆ. ನೋಟಿಫೈ ಗ್ರ್ಯಾಬ್ ಎಂದಿದ್ದರೆ ಶಾರ್ಟ್‌ಕಟ್‌ಗಳನ್ನು ಆಲಿಸುವ ಯಾವುದೋ ತಂತ್ರಾಂಶ ಕೀಲಿಮಣೆಯನ್ನು ಕ್ಷಣಕಾಲ ಹಿಡಿದುಕೊಂಡಿದೆ. ಈ ಒಂದು ಪದ ನೋಡಿಕೊಂಡರೆ ಹುಡುಕಾಟದ ಅರ್ಧ ಶ್ರಮ ಉಳಿತಾಯವಾಗುತ್ತದೆ.

ವೇಲ್ಯಾಂಡ್‌ನಲ್ಲಿ ಒಂದು ತಂತ್ರಾಂಶ ಇನ್ನೊಂದರ ಫೋಕಸ್ ನೋಡಲಾಗದ ಕಾರಣ ಕಾಂಪೋಸಿಟರ್ ಒದಗಿಸುವ ಸಾಧನವನ್ನೇ ಬಳಸಬೇಕು. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಆಲ್ಟ್ ಮತ್ತು ಎಫ್2 ಒತ್ತಿ, ಎಲ್ ಜಿ ಎಂಬೆರಡು ಸಣ್ಣಕ್ಷರ ಕೊಟ್ಟರೆ ಲುಕಿಂಗ್ ಗ್ಲಾಸ್ ತೆರೆದು ವಿಂಡೋಗಳ ಪಟ್ಟಿ ತೋರಿಸುತ್ತದೆ. ಕೆಡಿಇ ಪ್ಲಾಸ್ಮಾ ಡೆಸ್ಕ್‌ಟಾಪ್‌ನಲ್ಲಿ ಕೆವಿನ್ ಡೀಬಗ್ ಕನ್ಸೋಲ್ ಇದೆ. ಹಳೆಯ ತಂತ್ರಾಂಶಗಳು, ವೇಲ್ಯಾಂಡ್‌ನೊಳಗೆ ಎಕ್ಸ್11 ತಂತ್ರಾಂಶಗಳನ್ನು ಓಡಿಸುವ ಎಕ್ಸ್‌ವೇಲ್ಯಾಂಡ್ ಮೂಲಕ ನಡೆಯುತ್ತಿರಬಹುದೆಂಬುದೂ ನೆನಪಿರಲಿ. ಪಾಯಿಂಟರಿನತ್ತ ನೋಡುವ ಕಣ್ಣುಗಳನ್ನು ತೋರಿಸುವ ಎಕ್ಸ್‌ಐಸ್ ಎಂಬ ಪುಟ್ಟ ತಂತ್ರಾಂಶ ತೆರೆದಿಟ್ಟು ಮೌಸನ್ನು ಅನುಮಾನವಿರುವ ವಿಂಡೋ ಮೇಲೆ ಆಡಿಸಿದಾಗ ಕಣ್ಣುಗುಡ್ಡೆಗಳು ಹಿಂಬಾಲಿಸಿದರೆ ಅದು ಎಕ್ಸ್ ವಿಂಡೋ ಎಂದೇ ತಿಳಿಯಿರಿ.

ಒಡೆಯ ಸಿಕ್ಕ ಮೇಲೆ ಕಡಿವಾಣ ಹಾಕುವುದು ಸುಲಭ. ಈ ವಿಷಯದಲ್ಲಿ ಪ್ಲಾಸ್ಮಾ ಎಲ್ಲಕ್ಕಿಂತ ಅನುಕೂಲವೆಂಬುದು ನನ್ನ ಅಭಿಪ್ರಾಯ. ಸಿಸ್ಟಮ್ ಸೆಟ್ಟಿಂಗ್ಸ್‌ನ ವಿಂಡೋ ಬಿಹೇವಿಯರ್ ಪುಟದಲ್ಲಿ ಫೋಕಸ್ ಕಸಿಯುವುದನ್ನು ತಡೆಯುವ ಸೆಟ್ಟಿಂಗ್‌ಗೆ ಐದು ಹಂತಗಳಿದ್ದು, ಅತ್ಯಂತ ಬಿಗಿಯಾದ ಎಕ್ಸ್‌ಟ್ರೀಮ್ ಹಂತದಲ್ಲಿ ನೀವೇ ಆರಿಸದ ಯಾವ ವಿಂಡೋಗೂ ಫೋಕಸ್ ಸಿಗುವುದಿಲ್ಲ. ಇಡೀ ಡೆಸ್ಕ್‌ಟಾಪನ್ನು ಹಾಗೆ ಬಿಗಿಯುವ ಬದಲು, ವಿಂಡೋ ರೂಲ್ಸ್ ಪುಟದಲ್ಲಿ ತಂಟೆ ಮಾಡುವ ತಂತ್ರಾಂಶವೊಂದಕ್ಕೇ ನಿಯಮ ಬರೆದು ಈ ಹಂತ ಹೊಂದಿಸುವುದು ಲೇಸು. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನ ಫೋಕಸ್ ಪುಟದಲ್ಲಿ ಇದೇ ತಡೆಗೆ ಟಿಕ್ ಗುರುತಿನ ಪೆಟ್ಟಿಗೆಯಿದೆ.

ಹೊಸ ವಿಂಡೋ ಹಿಂದೆ ಉಳಿಯುತ್ತಿದ್ದರೆ ಇದೇ ತಡೆ ಅತಿಯಾಗಿದೆಯೇ ಎಂದು ನೋಡಿ. ಗ್ನೋಮ್‌ನ ಫೋಕಸ್ ನ್ಯೂ ವಿಂಡೋಸ್ ಸೆಟ್ಟಿಂಗ್ ಸ್ಟ್ರಿಕ್ಟ್ ಆಗಿದ್ದರೆ ಟರ್ಮಿನಲ್‌ನಿಂದ ತೆರೆದ ವಿಂಡೋಗಳಿಗೆ ಫೋಕಸ್ ಸಿಗುವುದಿಲ್ಲ. ಅದನ್ನು ಸ್ಮಾರ್ಟ್‌ಗೆ ಮರಳಿಸಿ.

ವಿಂಡೋ ಮುಂದಿದ್ದು, ಕರ್ಸರ್ ಮಿನುಗುತ್ತಿದ್ದರೂ ಅಕ್ಷರ ಮೂಡದಿದ್ದರೆ ಮೊದಲ ಅನುಮಾನ, ಒತ್ತಿದ ಕೀಲಿಗಳನ್ನು ಕನ್ನಡದಂತಹ ಭಾಷೆಗಳ ಅಕ್ಷರಗಳಾಗಿಸುವ ಐಬಸ್ ಅಥವಾ ಎಫ್‌ಸಿಐಟಿಎಕ್ಸ್‌ನಂತಹ ಇನ್‌ಪುಟ್ ಮೆಥಡ್ ಮೇಲಿರಲಿ. ಅದನ್ನು ಮರುಚಾಲನೆ ಮಾಡಿದೊಡನೆ ಟೈಪಿಂಗ್ ಸರಿಹೋದರೆ ಫೋಕಸ್‌ನಲ್ಲಿ ತಪ್ಪಿಲ್ಲ. ಸರಿಹೋಗದಿದ್ದರೆ, ಎಕ್ಸ್11ನಲ್ಲಿ ಆ ವಿಂಡೋ ಮೇಲೆ ಎಕ್ಸ್‌ಪ್ರಾಪ್ ಓಡಿಸಿ: ಇನ್‌ಪುಟ್ ಸ್ವೀಕರಿಸುತ್ತದೆಯೇ ಎಂಬ ಸಾಲಿನಲ್ಲಿ ಫಾಲ್ಸ್ ಎಂದಿದ್ದು, ಪ್ರೋಟೋಕಾಲ್‌ಗಳ ಸಾಲಿನಲ್ಲಿ ಟೇಕ್ ಫೋಕಸ್ ಇಲ್ಲದಿದ್ದರೆ, ಕೀಲಿಮಣೆ ಬೇಡವೆಂದು ಆ ತಂತ್ರಾಂಶವೇ ಹೇಳಿಕೊಂಡಿದೆ ಎಂದರ್ಥ. ವಿಂಡೋ ಮ್ಯಾನೇಜರನ್ನು ದೂರಿ ಫಲವಿಲ್ಲ.

ಮೌಸ್ ಹೋದಲ್ಲಿ ಫೋಕಸ್ ಹೋಗುವ ವಿಧಾನ ಆರಿಸಿಕೊಂಡಿರುವವರು ಲ್ಯಾಪ್‌ಟಾಪ್‌ನ ಟಚ್‌ಪ್ಯಾಡನ್ನೂ ಪರೀಕ್ಷಿಸಬೇಕು. ಅಂಗೈ ತಾಗಿ ಪಾಯಿಂಟರ್ ಒಂದಿಷ್ಟು ಜರುಗಿದರೂ ಫೋಕಸ್ ಪಕ್ಕದ ವಿಂಡೋಗೆ ದಾಟುತ್ತದೆ. ಟೈಪ್ ಮಾಡುವಾಗ ಟಚ್‌ಪ್ಯಾಡ್ ನಿಲ್ಲಿಸುವ ಸೆಟ್ಟಿಂಗ್ ಚಾಲೂ ಮಾಡಿ.

ಇಷ್ಟಾದರೂ ಕಾರಣ ಸಿಗದಿದ್ದರೆ ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ಪರೀಕ್ಷಿಸಿ. ಅಲ್ಲಿ ದೋಷ ಕಾಣದಿದ್ದರೆ ತಪ್ಪು ನಿಮ್ಮ ಸೆಟ್ಟಿಂಗ್‌ಗಳಲ್ಲೋ ಎಕ್ಸ್‌ಟೆನ್ಷನ್‌ಗಳಲ್ಲೋ ಇದೆ. ಎಕ್ಸ್‌ಟೆನ್ಷನ್‌ಗಳನ್ನೆಲ್ಲ ನಿಲ್ಲಿಸಿ ಒಂದೊಂದಾಗಿ ಮರಳಿ ಚಾಲೂ ಮಾಡುತ್ತಾ ಬನ್ನಿ. ಅಲ್ಲೂ ಕಂಡರೆ ಅಭಿವೃದ್ಧಿಪಡಿಸುವವರಿಗೆ ದೋಷ ವರದಿ ಸಲ್ಲಿಸಿ, ಡೆಸ್ಕ್‌ಟಾಪ್‌ನ ಆವೃತ್ತಿ, ಸೆಷನ್ ಬಗೆ ಮತ್ತು ಎಕ್ಸ್‌ಪ್ರಾಪ್ ಬರೆದಿಟ್ಟ ಸಾಲುಗಳನ್ನು ಜೊತೆಗಿಡಿ. ಕಳುಹಿಸುವ ಮುನ್ನ ವಿಂಡೋಗಳ ಶೀರ್ಷಿಕೆಗಳನ್ನು ಒಮ್ಮೆ ಓದಿ ಅಳಿಸುವುದನ್ನು ಮರೆಯಬೇಡಿ; ತೆರೆದಿದ್ದ ಮಿಂಚಂಚೆಯ ವಿಷಯವೂ ಕಡತದ ಹೆಸರೂ ಅವುಗಳಲ್ಲೇ ಇರುತ್ತವೆ.