ಹಳೆಯ ಕಾರಿನ ಸ್ಟೀರಿಯೋಗೆ ಬ್ಲೂಟೂತ್ ಜೋಡಿಸುವವರ ಗಮನಕ್ಕೆ

ಗುಂಪಿನ ಸದಸ್ಯರಿಗೆ ನಮಸ್ಕಾರ. ಹಳೆಯ ಸ್ಟೀರಿಯೋ ಚೆನ್ನಾಗಿಯೇ ಹಾಡುತ್ತಿರುವಾಗ, ಬ್ಲೂಟೂತ್ ಇಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಕಿತ್ತುಹಾಕಿಸಬೇಕಾಗಿಲ್ಲ. ಅದರಲ್ಲಿ 3.5 ಮಿ.ಮೀ. ಆಕ್ಸ್ ಕಿಂಡಿಯಿದ್ದರೆ (ಹೊರಗಿನ ಸಾಧನದ ಧ್ವನಿಯನ್ನು ತಂತಿಯ ಮೂಲಕ ಸ್ಟೀರಿಯೋಗೆ ಕೊಡುವ ಕಿಂಡಿ) ಚಿಕ್ಕದೊಂದು ಬ್ಲೂಟೂತ್ ರಿಸೀವರ್ ಸಾಕು. ಆದರೆ ಕೊಳ್ಳುವಾಗ ಅದರಲ್ಲಿ ಸಂಗೀತಕ್ಕೆ ಬೇಕಾದ ಎ2ಡಿಪಿ ಎಂಬ ಬ್ಲೂಟೂತ್ ಸೌಲಭ್ಯದ ಜೊತೆಗೆ ಕರೆಗಳಿಗೆ ಬೇಕಾದ ಎಚ್‌ಎಫ್‌ಪಿ ಹಾಗೂ ಮೈಕ್ ಇವೆಯೇ ಎಂದು ವಿಚಾರಿಸಿಕೊಳ್ಳಿ. ಇಲ್ಲವಾದರೆ ಹಾಡು ಕೇಳಬಹುದೇ ಹೊರತು, ಕರೆ ಬಂದಾಗ ಫೋನನ್ನು ಕೈಗೆತ್ತಿಕೊಳ್ಳಲೇಬೇಕಾಗುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಅದನ್ನು ಅಪಾಯಕಾರಿ ಚಾಲನೆಯೆಂದೇ ಪರಿಗಣಿಸುತ್ತದೆ.

ಆಕ್ಸ್ ಇಲ್ಲದವರಿಗೆ, ಫೋನಿನ ಹಾಡನ್ನು ಕಾರಿನ ಎಫ್‌ಎಂ ರೇಡಿಯೋಗೆ ಪ್ರಸಾರ ಮಾಡುವ ಎಫ್‌ಎಂ ಟ್ರಾನ್ಸ್‌ಮಿಟರ್ ಇದೆ. ಹಾಸನದ ಆಕಾಶವಾಣಿ 102.2ರಲ್ಲಿ ಬರುವುದರಿಂದ, ಅದಕ್ಕೆ ದೂರವಾದ ಖಾಲಿ ತರಂಗಾಂತರವನ್ನು ಆರಿಸಿಕೊಳ್ಳಿ. ಧ್ವನಿಯ ಗುಣಮಟ್ಟ ಮಾತ್ರ ಸಾಧಾರಣ.

ನನ್ನನ್ನು ಬಹಳ ಕಾಡಿದ್ದು ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಕೀರಲು ಸದ್ದು. ಸ್ಪೀಕರ್ ಕೆಟ್ಟಿರಬೇಕೆಂದು ಭಾವಿಸಿ ಸುಮ್ಮನೆ ಅದನ್ನೂ ಬಿಚ್ಚಿಸಿದ್ದೆ. ರಿಸೀವರನ್ನು ಕಾರಿನ 12 ವೋಲ್ಟ್ ಸಾಕೆಟ್‌ನಿಂದಲೇ ಚಾರ್ಜ್ ಮಾಡುತ್ತ ಆಕ್ಸ್‌ಗೂ ಜೋಡಿಸಿದರೆ, ಅರ್ತಿಂಗ್ ಎರಡು ದಾರಿಯಲ್ಲಿ ಕೂಡಿ ಈ ಸದ್ದು ಹುಟ್ಟುತ್ತದೆ. ಚಾರ್ಜರ್ ಕಿತ್ತೊಡನೆ ಸದ್ದು ನಿಂತರೆ ಕಾರಣ ಅದೇ. ಆಕ್ಸ್ ತಂತಿಯ ನಡುವೆ, ಅರ್ತಿಂಗ್ ಹೀಗೆ ಕೂಡುವುದನ್ನು ತಪ್ಪಿಸುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದರೆ ಸರಿಹೋಗುತ್ತದೆ.

ಪ್ರತ್ಯೇಕ ಮೈಕ್ ಇದ್ದಲ್ಲಿ ಅದನ್ನು ಎ.ಸಿ. ಗಾಳಿಯಿಂದ ದೂರವಾಗಿ, ಚಾಲಕರ ಸನ್ ವೈಸರ್ ಬಳಿ ಸಿಕ್ಕಿಸಿ. ಶಿರಾಡಿ ಘಾಟಿಯ ಮಳೆಯ ಸದ್ದಿನಲ್ಲಿಯೂ ಮಾತು ತಕ್ಕಮಟ್ಟಿಗೆ ಕೇಳಿಸುತ್ತದೆ. ಅದರ ತಂತಿಯನ್ನು ಏರ್‌ಬ್ಯಾಗ್ ಮುಚ್ಚಳದ ಮೇಲೆ ಮಾತ್ರ ಎಳೆಯಬೇಡಿ.